ಅತ್ತಿಗೆಯ ಮುಂದಿನ ಗಾಲಿ

ಅಣ್ಣ ತೀರಿಹೋದ ಮೇಲೆ, ತಲೆ ನೆರೆತ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತವಳು ಅತ್ತಿಗೆ. ಕಲಿತದ್ದೇ ತಡ, ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಬೀದಿಯ ಮುದುಕಿಯರನ್ನೆಲ್ಲ ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ತಾನಾಗಿ ಮೈಮೇಲೆ ಹಾಕಿಕೊಂಡಳು. ಟೈರ್ ಅಂಗಡಿ ಇಟ್ಟಿದ್ದ ಮೈದುನನಿಗೆ ಅದೊಂದು ಹೆಮ್ಮೆ.

ಅವತ್ತು ಆಸ್ಪತ್ರೆಗೆ ಹೋಗುವ ಮುನ್ನ ಮುಂದಿನ ಟೈರ್ ಬದಲಾಯಿಸಲು ಬಂದಿದ್ದಳು. ಅವನು ಗಾಲಿಯನ್ನು ಬೋಲ್ಟುಗಳಿಗೆ ಕೂರಿಸಿ, ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಹಿಡಿಸಿದ. ಜ್ಯಾಕ್ ಇಳಿಸಿ, ಗಾಡಿಯ ಭಾರ ನೆಲಕ್ಕೆ ಕೂತ ಮೇಲೆ, ಎದುರುಬದುರು ನಟ್ಟುಗಳನ್ನು ಪಾನಾ ಹಾಕಿ ಬಿಗಿಯುವುದು ಪದ್ಧತಿ. ಜ್ಯಾಕ್ ಇಳಿಸಿದೊಡನೆ ಲಾರಿಯವನೊಬ್ಬ ಬಂದು ಜಗಳ ತೆಗೆದ. ಮಾತಿಗೆ ಮಾತು ಬೆಳೆಯಿತು. ಮುಗಿಸಿ ತಿರುಗಿದಾಗ ಅತ್ತಿಗೆ, "ಆಯ್ತಾ?" ಎಂದಳು.

"ಆಯ್ತು, ಹೊರಡಿ ಅತ್ತಿಗೆ," ಎಂದುಬಿಟ್ಟ.

ಊಟಕ್ಕೆ ಕೂತಾಗ ನೆನಪಾಯಿತು. ನಟ್ಟು ಬಿಗಿದೇ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕೈ ತೊಳೆಯದೆ ಬೈಕ್ ಹತ್ತಿ ಆಸ್ಪತ್ರೆಯ ದಾರಿ ಹಿಡಿದ.

ಸೇತುವೆ ದಾಟಿದೊಡನೆ ಕಾರು ಕಂಡಿತು. ಮುಂದಿನ ಮೂಲೆ ನೆಲಕ್ಕೆ ಒರಗಿತ್ತು, ಗಾಲಿ ಚರಂಡಿಯಲ್ಲಿ ಬಿದ್ದಿತ್ತು. ಅತ್ತಿಗೆಗೆ ಒಂದು ತರಚುಗಾಯವೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಅಜ್ಜಿ ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದಳು.

"ನಂದೇ ತಪ್ಪು," ಎಂದಳು ಅತ್ತಿಗೆ. "ತಿರುವಲ್ಲಿ ಕಲ್ಲಿಗೆ ತಾಗಿಸ್ದೆ ಅನ್ಸುತ್ತೆ. ಟಕಟಕ ಅಂತಿತ್ತು, ಹಾಗೇ ಓಡಿಸ್ದೆ. ಅಜ್ಜಿಯನ್ನ ಕೊಂದೇಬಿಡ್ತಿದ್ದೆ! ದೇವರು ಕಳಿಸ್ದ ಹಾಗೆ ನೀನು ಬಂದೆ."

"ಈ ಕಡೆ ಕೆಲಸ ಇತ್ತು," ಎಂದ. ನಟ್ಟುಗಳು ದಾರಿಯಲ್ಲೇ ಉದುರಿದ್ದರಿಂದ ಉಳಿದ ಗಾಲಿಗಳಿಂದ ಒಂದೊಂದು ನಟ್ ಬಿಚ್ಚಿ, ಕಳಚಿದ ಗಾಲಿಗೆ ಹಾಕಿ, ಮೈಯ ಬಲವನ್ನೆಲ್ಲ ಕೂಡಿಸಿ ಬಿಗಿದ.

ಅಂದಿನಿಂದ ಕಾರಿಗೆ ಹೊದಿಕೆ ಬಿತ್ತು. ಅತ್ತಿಗೆ ಬಸ್ಸಿಗೆ ಕಾಯತೊಡಗಿದಳು. ಬಿಸಿಲಲ್ಲಿ ಅಜ್ಜಿಯ ರಟ್ಟೆ ಹಿಡಿದು ನಿಂತಿರುವುದು ಅಂಗಡಿಯಿಂದಲೇ ಕಾಣುತ್ತಿತ್ತು. "ಇದ್ರೆ ಇಂಥ ಮೈದುನ ಇರ್ಬೇಕು," ಎಂದು ಬೀದಿಯವರು ಹೊಗಳಿದರೆ ಅವನು ಪಂಚರ್ ಹುಡುಕುವ ನೆಪದಲ್ಲಿ ನೀರಿನ ತೊಟ್ಟಿಗೆ ಮುಖ ಬಗ್ಗಿಸುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಪಾಡು.

ಒಂದು ಸಂಜೆ ತಡೆಯಲಾರದೆ ಅವಳ ಮನೆಗೆ ಹೋದ. ಅತ್ತಿಗೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಅತ್ತಿಗೆ, ನೀವು ಯಾವ ಕಲ್ಲಿಗೂ ತಾಗಿಸ್ಲಿಲ್ಲ. ನಟ್ಟು ನಾನೇ ಬಿಗೀಲಿಲ್ಲ. ಮರೆತುಬಿಟ್ಟೆ."

ಅವಳು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಿಸಿ ಇಟ್ಟಳು.

"ಮರೆತೆ, ಸರಿ. ಮನುಷ್ಯ ಮರೀತಾನೆ. ಆದ್ರೆ ನಾನು ಕಾರಿನ ಕೀ ಮುಟ್ಟೋಕೂ ಹೆದರ್ತಿದ್ದೆ. ಅದನ್ನ ನೋಡ್ಕೊಂಡು ಸುಮ್ನಿದ್ಯಲ್ಲ?"

ಅವಳು ಎದ್ದು ಚಪ್ಪಲಿ ಮೆಟ್ಟಿದಳು.

"ನಡಿ, ಅಜ್ಜಿಗೂ ನೀನೇ ಹೇಳು."

ಅಜ್ಜಿ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡಳು. ಬೈಯಲಿಲ್ಲ. "ಹಾಗಾದ್ರೆ ನಾಳೆಯಿಂದ ಕಾರು ಬರುತ್ತೋ?" ಎಂದಷ್ಟೇ ಕೇಳಿದಳು.

"ಬರುತ್ತೆ," ಎಂದಳು ಅತ್ತಿಗೆ.

ಮರುದಿನ ಕಾರು ಅಂಗಡಿಯ ಮುಂದೆಯೇ ಹಾದುಹೋಯಿತು. ಅವನು ಎದ್ದು ನಿಂತ. ಅತ್ತಿಗೆ ತಿರುಗಿ ನೋಡಲಿಲ್ಲ. ಗಾಳಿ ಹಾಕಿಸಲೂ ಅವಳೀಗ ಬೇರೆ ಅಂಗಡಿಗೆ ಹೋಗುತ್ತಾಳೆ. ಅದನ್ನು ಕೇಳುವ ಮುಖ ಅವನಿಗಿಲ್ಲ.