ಎರಡೂ ಒಂದೇ ದಪ್ಪ ಇರಲಿ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರು ಒಂದು ವಿಷಯ ಹೇಳುವುದನ್ನು ಮರೆತರು. ಇಬ್ಬರೂ ಒಂದೇ ಕಡೆ ಮಲಗಬೇಕು, ಆಗಷ್ಟೇ ಆ ಮಾತು ನಿಜ. ಒಬ್ಬರು ಕೋಣೆಯಲ್ಲಿ, ಇನ್ನೊಬ್ಬರು ಹಾಲ್‌ನಲ್ಲಿ ಮಲಗಿದರೆ ಜಗಳವೂ ಚೆನ್ನಾಗಿ ನಿದ್ದೆ ಮಾಡಿ, ಬೆಳಗ್ಗೆ ಹಲ್ಲುಜ್ಜಿಕೊಂಡು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಕ್ಷೌರಿಕನ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿದ್ದದ್ದು ಇದೇ.

ಅವನದು ಬೀದಿಯ ತುದಿಯಲ್ಲಿ ಎರಡು ಕುರ್ಚಿಯ ಸಲೂನು. ಅದರಿಂದ ನಾಲ್ಕು ಬಾಗಿಲು ಆಚೆಗೆ ಹೆಂಡತಿಯ ಹೊಲಿಗೆ ಅಂಗಡಿ. ಅವನು ಊರವರ ತಲೆಯ ಮೇಲೆ ಬಗ್ಗಿ, ಅವಳು ಮಷೀನಿನ ಮೇಲೆ ಬಗ್ಗಿ, ಇಬ್ಬರ ಬೆನ್ನೂ ಒಟ್ಟಿಗೇ ಕೈಕೊಟ್ಟವು. ಸಾಲದ್ದಕ್ಕೆ ಮನೆಯ ಹಳೇ ಹಾಸಿಗೆಯ ನಡುವೆ ಬಾಣಲೆಯಂಥ ಗುಳಿ ಬಿದ್ದಿತ್ತು. ಗಟ್ಟಿ ನೆಲದ ಮೇಲೆ ಮಲಗು ಎಂದರು ಡಾಕ್ಟರು. ನಾಲ್ಕು ದಿನದ ಮಟ್ಟಿಗೆ ಎಂದು ಅವನು ಚಾಪೆ, ದಿಂಬು ಎತ್ತಿಕೊಂಡು ಹಾಲ್‌ಗೆ ಬಂದ. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ.

ಬೆನ್ನಿನ ನೋವು ಹಾಗಿರಲಿ, ಅವನು ಕಳೆದುಕೊಂಡದ್ದು ಬೇರೆ. ಕ್ಷೌರದ ಕುರ್ಚಿಯಲ್ಲಿ ಕೂತ ಗಂಡಸು ಬಾಯಿ ಬಿಡದೆ ಏಳುವುದಿಲ್ಲ, ಅಳತೆ ಕೊಡಲು ನಿಂತ ಹೆಂಗಸೂ ಅಷ್ಟೇ. ಬೀದಿಯ ಅರ್ಧ ಸುದ್ದಿ ಅವನ ಕಿವಿಗೆ, ಅರ್ಧ ಅವಳ ಕಿವಿಗೆ. ದೀಪ ಆರಿಸಿದ ಮೇಲೆ ಎರಡನ್ನೂ ಕೂಡಿಸಿ, ನಕ್ಕೂ ನಕ್ಕೂ ಸಾಕಾಗಿ ಮಲಗುತ್ತಿದ್ದರು. ಈಗ ಅವನ ಹತ್ತಿರ ಉಳಿದಿದ್ದು ಬರೀ ಅರ್ಧ. ಕಳೆದ ತಿಂಗಳು ಮೂಲೆಮನೆಯ ಮೇಷ್ಟ್ರು ಬಂದು, ಕಾಲೇಜಿನ ಕಾಲದಿಂದ ಸಾಕಿದ ಗಿರಿಜಾ ಮೀಸೆಯನ್ನು ತೆಗೆದುಬಿಡು ಎಂದರು. ಯಾಕೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರ ಹೆಂಡತಿ ಹೊಲಿಗೆ ಅಂಗಡಿಗೆ ಹೋಗುತ್ತಾಳೆ, ಕಾರಣ ಇವಳಿಗೆ ಗೊತ್ತಿರಲೇಬೇಕು. ಆದರೆ ಬೆಳಗಿನ ಗಡಿಬಿಡಿಯಲ್ಲಿ ಮೀಸೆಯ ಮಾತು ತೆಗೆಯುವುದು ಹೇಗೆ?

ಕೋಣೆಗೆ ವಾಪಸ್ ಬರುತ್ತೇನೆ ಎಂದು ಕೇಳಬಹುದಿತ್ತು. ಆದರೆ ಎದ್ದು ಹೋದವನು ತಾನೇ, ಈಗ ಯಾವ ಮುಖ ಇಟ್ಟುಕೊಂಡು ಕೇಳುವುದು? ಅದೂ ಅಲ್ಲದೆ ಒಮ್ಮೆ ಅವಳ ಅಂಗಡಿಯ ಮುಂದೆ ಹಾಯುವಾಗ, "ಈಗ ಗೊರಕೆ ಕಾಟ ಇಲ್ಲ ಕಣ್ರೀ, ಸುಖವಾಗಿ ನಿದ್ದೆ ಮಾಡ್ತೀನಿ" ಎಂದು ಅವಳು ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ಅಂದಿನಿಂದ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಹೀಗಿರುವಾಗ ಒಂದು ರಜೆಯ ದಿನ ಅವಳೇ, "ರೀ, ನಡೀರಿ, ಹೊಸ ಹಾಸಿಗೆ ನೋಡ್ಕೊಂಡು ಬರೋಣ" ಎಂದಳು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಬೇರೆಯವರ ಗಡ್ಡ ತೆಗೆಯುವವನು ಅಂದು ತನ್ನದನ್ನೂ ತೆಗೆದುಕೊಂಡ.

ಹಾಸಿಗೆ ಅಂಗಡಿಯವನು ದುಂಡು ಮೈಯ ನಗುಮುಖದ ಮನುಷ್ಯ. "ನಾಚ್ಕೋಬೇಡಿ, ಮಲಗಿ ನೋಡಿ" ಎಂದ. ಕ್ಷೌರಿಕ ನಾರಿನ ಗಟ್ಟಿ ಹಾಸಿಗೆಯ ಮೇಲೆ ಮಲಗಿದ. ಬೆನ್ನು ಉಸ್ಸಪ್ಪಾ ಎಂದು ಉಸಿರುಬಿಟ್ಟಿತು. ಅದೇ ಹಾಸಿಗೆಗೆ ಹೆಂಡತಿ ಬೆನ್ನು ಕೊಟ್ಟು, "ಇದೇನ್ರೀ, ಜಗಲಿ ಕಟ್ಟೆ ಇದ್ದ ಹಾಗಿದೆ" ಎಂದು ಎದ್ದಳು. ಅವಳಿಗೆ ಹಿಡಿಸಿದ್ದು ಮೆತ್ತನೆಯ ಫೋಮ್. ಅದರ ಮೇಲೆ ಅವನು ಮಲಗಿದಾಗ ಎಷ್ಟು ಒಳಗೆ ಹೋದನೆಂದರೆ, ಅವಳೊಂದು ಕೈ ಅಂಗಡಿಯವನೊಂದು ಕೈ ಹಿಡಿದು ಎಳೆಯಬೇಕಾಯಿತು.

ಆಮೇಲೆ ಅತ್ತ ಗಟ್ಟಿಯೂ ಅಲ್ಲದ ಇತ್ತ ಮೆತ್ತಗೂ ಇಲ್ಲದ ಒಂದು ಡಬಲ್ ಹಾಸಿಗೆ ತೋರಿಸಿದ. ಇಬ್ಬರೂ ಮಲಗಿದರು, ಇಬ್ಬರ ಬೆನ್ನೂ ಮುನಿಸಿಕೊಂಡವು. ಅಂಗಡಿಯವನು ಕೈ ಕೊಡವಿ, "ಯಾಕೆ ಒದ್ದಾಡ್ತೀರಿ? ಎರಡು ಸಿಂಗಲ್ ತಗೊಳ್ಳಿ. ಗಟ್ಟಿದು ಯಜಮಾನ್ರಿಗೆ, ಮೆತ್ತಂದು ಅಮ್ಮಾವ್ರಿಗೆ" ಎಂದ.

"ಹಾಗೇ ಮಾಡಿ" ಎಂದಳು ಅವಳು. ಹಿಂದೆ ಮುಂದೆ ನೋಡಲಿಲ್ಲ, ಗಂಡನ ಮುಖವನ್ನಂತೂ ನೋಡಲೇ ಇಲ್ಲ. ಅವನು ಏಳಲಿಲ್ಲ. ಡಬಲ್ ಹಾಸಿಗೆಯ ಮೇಲೆ ಹಾಗೇ ಬಿದ್ದುಕೊಂಡು, "ಇದೇನು ಅಂಥ ಕೆಟ್ಟದಾಗಿಲ್ಲವಲ್ಲ. ರೂಢಿ ಆದ್ರೆ ಸರಿಹೋಗುತ್ತೆ" ಎಂದು ಹಲ್ಲು ಕಚ್ಚಿಕೊಂಡು ನಕ್ಕ.

"ಏಳ್ರೀ ಸಾಕು. ಮುಖ ನೋಡಿದ್ರೇನೇ ಗೊತ್ತಾಗುತ್ತೆ."

ಅಷ್ಟಕ್ಕೇ ಬಿಡಲಿಲ್ಲ. ಚೀಲದಿಂದ ಅಳತೆ ಟೇಪು ತೆಗೆದು ಎರಡೂ ಸಿಂಗಲ್ ಹಾಸಿಗೆಗಳ ದಪ್ಪ ಅಳೆದಳು. "ಇದು ಒಂದು ಬೆರಳು ಜಾಸ್ತಿ ಇದೆ. ಬೇರೆ ಕೊಡಿ. ಎರಡೂ ಒಂದೇ ದಪ್ಪ ಇರಲಿ."

"ಬೇರೆ ಬೇರೆ ಮಲಗೋದಕ್ಕೆ ದಪ್ಪ ಎಷ್ಟಿದ್ರೇನಮ್ಮ?"

"ನನಗೆ ಬೇಕು, ಕೊಡಪ್ಪ."

ಎಲಾ ಇವಳ, ಬೇರೆಯಾಗುವುದರಲ್ಲೂ ಸಮಪಾಲು ಕೇಳುತ್ತಾಳಲ್ಲ ಎಂದುಕೊಂಡ ಕ್ಷೌರಿಕ. ದಾರಿಯಲ್ಲಿ, ಯಾಕೆ ಮುಖ ಊದಿಸಿಕೊಂಡಿದ್ದೀರಿ ಎಂದು ಅವಳು ಕೇಳಿದಾಗ ಬೆನ್ನು ನೋವು ಎಂದ. ಪಾಪದ ಬೆನ್ನು, ಆ ಮನೆಯಲ್ಲಿ ಎಲ್ಲದಕ್ಕೂ ಅದೇ ಹೊಣೆ.

ಮುಂದಿನ ರಜೆಯ ದಿನ ಹಾಸಿಗೆಗಳು ಬಂದವು. ಅವಳು ಅರ್ಜೆಂಟ್ ಕೆಲಸವಿದೆ ಎಂದು ಬೆಳಗ್ಗೆಯೇ ಅಂಗಡಿಗೆ ಹೋಗಿದ್ದಳು. ಅವನು ಗುಳಿಬಿದ್ದ ಹಳೇದನ್ನು ತೆಗೆಸಿ, ಮೆತ್ತನೆಯದನ್ನು ಕೋಣೆಯ ದೊಡ್ಡ ಮಂಚದ ಮೇಲೆ ಹಾಕಿಸಿದ. ಅರ್ಧ ಮಂಚ ಬೋಳಾಗಿ ಉಳಿಯಿತು. ಗಟ್ಟಿಯದನ್ನು ಹಾಲ್‌ನಲ್ಲಿ ಸೋಫಾ ಪಕ್ಕಕ್ಕೆ ಹಾಸಿಸಿ, ಬಾಗಿಲು ಮುಂದಕ್ಕೆಳೆದು ಬಂದು ಮಲಗಿದ. ಸುಳ್ಳು ಯಾಕೆ ಹೇಳಬೇಕು, ಬೆನ್ನಿಗೆ ಸ್ವರ್ಗ ಸಿಕ್ಕಂತಾಯಿತು. ಆದರೆ ಚಾಪೆಯನ್ನಾದರೂ ಯಾವಾಗ ಬೇಕಾದರೂ ಸುತ್ತಿಟ್ಟು ಕೋಣೆಗೆ ಹೋಗಬಹುದಿತ್ತು, ಈ ಹಾಸಿಗೆಯನ್ನು ಸುತ್ತುವ ಹಾಗಿಲ್ಲ. ಇನ್ನು ಕೊನೆತನಕ ಇಲ್ಲೇ ಎಂದು ಅನ್ನಿಸಿ, ಆ ವಯಸ್ಸಿನ ಗಂಡಸಿಗೆ ಅಳು ಬರುವ ಹಾಗಾಯಿತು.

ಅಷ್ಟರಲ್ಲಿ ಅವಳು ಮುಖ ಮರೆಯಾಗುವಷ್ಟು ದೊಡ್ಡ ಬಟ್ಟೆಗಂಟು ತಬ್ಬಿಕೊಂಡು ಒಳಗೆ ಬಂದಳು. ಅವನ ಕಾಲು ಎಡವಿ ಬೀಳುವುದರಲ್ಲಿದ್ದಳು.

"ಇದನ್ಯಾಕ್ರೀ ಇಲ್ಲಿ ಹಾಸ್ಕೊಂಡಿದ್ದೀರಿ?"

"ಮತ್ತಿನ್ನೆಲ್ಲಿ? ನಂದು ಇಲ್ಲಿ, ನಿಂದು ಅಲ್ಲಿ. ಅದಕ್ಕೇ ತಾನೆ ಎರಡು ತಗೊಂಡಿದ್ದು?"

ಅವಳು ಗಂಟು ಬಿಚ್ಚಿ ಕೊಡವಿದಳು. ದಪ್ಪ ಗೀಟುಬಟ್ಟೆ ಹಾಲ್ ತುಂಬ ಹರಡಿತು. ಮೂರು ಕಡೆಗೂ ಜಿಪ್ಪು, ಅಂಚಿಗೆ ಎರಡೆರಡು ಹೊಲಿಗೆ. ಹಾಸಿಗೆಗೆ ಹಾಕುವ ಕವರು. ಒಂದೇ ಕವರು, ಎರಡು ಹಾಸಿಗೆ ಹಿಡಿಸುವಷ್ಟು ಅಗಲದ್ದು.

"ದಪ್ಪ ಹೆಚ್ಚುಕಮ್ಮಿ ಆದ್ರೆ ನಡುವೆ ಮೆಟ್ಟಿಲಾಗುತ್ತಲ್ಲ, ಅದಕ್ಕೇ ಅಳತೆ ಹಿಡಿದು ತಂದಿದ್ದು" ಎಂದಳು. "ವಾರ ಇಡೀ ಗಿರಾಕಿಗಳ ಹತ್ರ ಬೈಸ್ಕೊಂಡು ಇದನ್ನೇ ಹೊಲಿದೆ."

ಅವನು ಕವರನ್ನು ನೋಡಿದ, ಅವಳನ್ನು ನೋಡಿದ. "ಮೊದಲೇ ಒಂದು ಮಾತು ಹೇಳಬಾರದಾಗಿತ್ತೇನೇ?"

"ಹೇಳಿ, ನೀವು ಬರಲ್ಲ ಅಂದಿದ್ರೆ? ಎದ್ದು ಹೋದವರು ನೀವು. ನಾನಾಗಿ ಕರೆಯೋಕೆ ನಂಗೂ ಭಯ ಇರಲ್ವಾ? ಹೊಲಿದು ತಂದು ಮುಂದೆ ಹಾಕಿದ್ರೆ ಬೇಡ ಅನ್ನಲಾರರು ಅಂದ್ಕೊಂಡೆ."

"ಗೊರಕೆ ಇಲ್ಲದೆ ಸುಖವಾಗಿ ನಿದ್ದೆ ಮಾಡ್ತೀನಿ ಅಂತ ಅಂಗಡೀಲಿ ಹೇಳ್ತಿದ್ದೆ. ನಾನೇ ಕೇಳಿಸ್ಕೊಂಡೆ."

"ಮತ್ತೇನು, ನನ್ನ ಗಂಡ ಹಾಲ್‌ನಲ್ಲಿ ಮಲಗ್ತಾನೆ, ನನಗೆ ನಿದ್ದೆ ಬರಲ್ಲ ಅಂತ ಬೀದಿಗೆಲ್ಲ ಸಾರ್ಲಾ?" ಎಂದು ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿಮ್ಮ ಕತ್ತರಿಗೆ ಕತ್ತರಿಸೋದಷ್ಟೇ ಗೊತ್ತು. ನನಗೆ ಹಾಗಲ್ಲ, ಕತ್ತರಿಸಿದ್ದನ್ನ ಹೊಲಿದ್ರೇನೇ ಕೆಲಸ ಮುಗಿಯೋದು. ಏಳಿ, ಆ ಕಡೆ ಹಿಡ್ಕೊಳ್ಳಿ."

ಹಾಸಿಗೆಯನ್ನು ಕೋಣೆಗೆ ಎಳೆದರು. ಎರಡನ್ನೂ ಮಂಚದ ಮೇಲೆ ಜೋಡಿಸಿ ಕವರು ಹಾಕುವಷ್ಟರಲ್ಲಿ ಆನೆಗೆ ಚಡ್ಡಿ ತೊಡಿಸಿದಷ್ಟು ಸುಸ್ತಾಯಿತು. ನೀವು ಎಳೀರಿ, ನೀನು ತಳ್ಳು ಎಂದು ದೊಡ್ಡ ಜಗಳವೇ ಆಯಿತು. ಜಿಪ್ಪು ಮುಚ್ಚಿದ್ದೇ ತಡ, ಇಬ್ಬರೂ ಸೊಂಟ ಹಿಡಿದುಕೊಂಡು ಹಗಲು ಹೊತ್ತಿನಲ್ಲೇ ಅದರ ಮೇಲೆ ಉರುಳಿದರು. ಅವನ ಬೆನ್ನಿಗೆ ಗಟ್ಟಿ, ಅವಳ ಬೆನ್ನಿಗೆ ಮೆತ್ತಗೆ.

ಸ್ವಲ್ಪ ಹೊತ್ತಿಗೆ ಅವನು ಕೇಳಿದ, "ಅಲ್ವೇ, ಆ ಮೇಷ್ಟ್ರು ಮೀಸೆ ಯಾಕೆ ತೆಗೆಸಿದ್ರು?"

"ಅಯ್ಯೋ, ನಿಮಗೆ ಗೊತ್ತಿಲ್ವಾ?" ಅವಳು ಅವನ ಕಡೆಗೆ ಹೊರಳಿದಳು. "ನಮ್ಮ ಮದುವೆ ಆದ ದಿನ ಯಾವುದು ಹೇಳಿ ಅಂದಳಂತೆ ಹೆಂಡತಿ. ತಪ್ಪು ಹೇಳಿದ್ರೆ ಮೀಸೆ ಬೋಳಿಸ್ಕೋತೀನಿ ಅಂದ್ರಂತೆ ಇವರು. ತಿಂಗಳೇ ತಪ್ಪು."

ಮಂಚ ಅಲ್ಲಾಡುವ ಹಾಗೆ ನಕ್ಕರು. ಬೆನ್ನು ಹಿಡಿದುಕೊಂಡು, ನೋವಾಗುತ್ತೆ ನಗಿಸಬೇಡ ಎನ್ನುತ್ತ ಮತ್ತೆ ನಕ್ಕರು. ನಗು ನಿಂತ ಮೇಲೆ ಅವಳು ಮೆಲ್ಲಗೆ, "ಅದಿರಲಿ, ನಮ್ಮದು ಯಾವತ್ತು?" ಎಂದಳು.

ಕ್ಷೌರಿಕ ಒಂದು ಕೈಯಿಂದ ತನ್ನ ಮೀಸೆ ಮುಚ್ಚಿಕೊಂಡು ಗೊರಕೆ ಹೊಡೆಯತೊಡಗಿದ. ಇನ್ನೊಂದು ಕೈಯನ್ನು ಎರಡು ಹಾಸಿಗೆ ಕೂಡುವ ಕಡೆ ಆಡಿಸಿ ನೋಡಿದ. ಗೀಟುಬಟ್ಟೆಯ ಕೆಳಗೆ ಗೆರೆ ಎಲ್ಲಿದೆ ಎಂದು ಗೊತ್ತಾಗಲಿಲ್ಲ, ಅವಳ ಕೈ ಸಿಕ್ಕಿತು.