ಕೋಣೆಯಲ್ಲಿ ಬೇರೆ ಯಾರೂ ಇರಕೂಡದು

ಬದರೀನಾರಾಯಣ ರಾಯರು ಉಪಕಾರ ಮಾಡಲು ಕೂತರೆಂದರೆ ಮುಗಿಯಿತು, ಎದುರಿಗಿದ್ದವರು ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಶೈಲಜಮ್ಮನನ್ನೂ ಮಗಳು ತನ್ಮಯಿಯನ್ನೂ ಬಸವನಗುಡಿಯ ತಮ್ಮ ಮನೆಗೆ ಕರೆತಂದು ಇಟ್ಟುಕೊಂಡರಲ್ಲ, ಅದು ಮೊದಲನೆಯ ಉಪಕಾರ. ಅದನ್ನು ಮನೆಗೆ ಬಂದವರಿಗೆಲ್ಲ, ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡದೆ ಹೇಳುತ್ತಿದ್ದರು. ಈಗ ತನ್ಮಯಿಗೆ ಒಂದು ದೊಡ್ಡ ಕನ್ಸಲ್ಟಿಂಗ್ ಮತ್ತು ಟೆಕ್ನಾಲಜಿ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ರಿಟೈರಾದ ಹೆಡ್‌ಮಾಸ್ಟರು ಸುಮ್ಮನಿರುತ್ತಾರೆಯೇ? ತಯಾರಿ ತಾವೇ ಮಾಡಿಸುವುದಾಗಿ ಹೇಳಿಬಿಟ್ಟರು.

ತಯಾರಿ ನಡೆಯುತ್ತಿದ್ದದ್ದು ಸಂಜೆ, ನಡುಮನೆಯಲ್ಲಿ, ಎಲ್ಲರೆದುರು. ಪಕ್ಕದ ಮನೆಯ ದೊರೆಸ್ವಾಮಿಯವರು ವಾಕಿಂಗ್ ಮುಗಿಸಿ ತಮಾಷೆ ನೋಡಲು ಬಂದು ಕೂರುತ್ತಿದ್ದರು. ತನ್ಮಯಿ ವರಾಂಡಕ್ಕೆ ಹೋಗಿ, ಬಾಗಿಲು ತಟ್ಟಿ, ಒಳಗೆ ಬಂದು ನಮಸ್ಕಾರ ಮಾಡಬೇಕು.

"ನಡಿಗೆ ನೋಡಿ ದೊರೆಸ್ವಾಮಿಗಳೇ! ಎಮ್ಮೆ ಕೆರೆಯಿಂದ ಎದ್ದು ಬಂದ ಹಾಗಿದೆ. ಇವಳಿಗೆ ಕೆಲಸ ಕೊಡ್ತಾರಂತೆ."

"ದೊಡ್ಡಪ್ಪ, ಅದು ವಿಡಿಯೋ ಇಂಟರ್‌ವ್ಯೂ. ನಡೆಯೋದೇ ಇರಲ್ಲ."

"ಎದುರುತ್ತರ ಬೇರೆ! ಇವರಪ್ಪನೂ ಹೀಗೇ. ಬಾಯಿ ಒಂದಿತ್ತು, ಇನ್ನೇನೂ ಇರ್ಲಿಲ್ಲ."

ತನ್ಮಯಿ ಮತ್ತೆ ವರಾಂಡಕ್ಕೆ ಹೋಗಿ ಬಾಗಿಲು ತಟ್ಟಿದಳು. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಅತ್ತಳು. ಶೈಲಜಮ್ಮ ಹೊರಗಿನಿಂದ ಪಿಸುಗುಟ್ಟಿದಳು: "ಬೈದ್ರೆ ಬೈಲಿ ಬಿಡೇ. ನಮಗೆ ನೆರಳು ಕೊಟ್ಟೋರು. ನೀರು ನಿಲ್ಸು, ಅದಕ್ಕೂ ಬೈತಾರೆ."

ಈ ನೆರಳಿನಿಂದ ಆಚೆ ಹೋಗಬೇಕು ಎಂಬುದೊಂದೇ ಹುಡುಗಿಯ ಹಟ. ಚಾಮರಾಜಪೇಟೆಯಲ್ಲಿ ದೊಡ್ಡಬೈರಪ್ಪ ಎಂಬವರ ವಠಾರದಲ್ಲಿ ಎರಡು ರೂಮಿನ ಮನೆ ನೋಡಿ ಬಂದಿದ್ದಳು. ಕೆಲಸದ ಆರ್ಡರ್ ತೋರಿಸಿದರೆ ಕೀಲಿ ಕೊಡುತ್ತೇನೆ ಎಂದಿದ್ದರು ಅವರು. ಆ ಅಡುಗೆಮನೆಯಲ್ಲಿ ಅಮ್ಮ ಯಾರನ್ನೂ ಕೇಳದೆ ಕಾಫಿ ಬೆರೆಸಿಕೊಂಡು ಕುಡಿಯುವುದನ್ನು ತನ್ಮಯಿ ದಿನಾ ನೆನೆಯುತ್ತಿದ್ದಳು.

ನಿಜವಾದ ತಯಾರಿ ತಾರಸಿಯ ಮೇಲೆ, ಒಣಗಲು ಹಾಕಿದ ಬಟ್ಟೆಗಳ ಮರೆಯಲ್ಲಿ ನಡೆಯುತ್ತಿತ್ತು. ಕಾಲೇಜಿನ ಗೆಳೆಯ ಆತ್ರೇಯ ಫೋನಿನಲ್ಲಿ ಪ್ರಶ್ನೆ ಕೇಳುತ್ತಿದ್ದ. ಇಂಥ ಕಂಪನಿಗಳಲ್ಲಿ ಒಂದು ಪದ್ಧತಿ ಉಂಟು: ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯನ್ನೇ ಕೇಳುತ್ತಾರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಎಷ್ಟು ಛತ್ರಿ ಮಾರಾಟವಾಗುತ್ತವೆ ಎನ್ನುತ್ತಾರೆ. ಬಾಯಿಬಿಟ್ಟು ಯೋಚಿಸುತ್ತ, ಒಂದೊಂದೇ ಅಂದಾಜು ಕಟ್ಟುತ್ತ ಹೋಗಬೇಕು. ಅಂಕಿ ತಪ್ಪಿದರೆ ಚಿಂತೆಯಿಲ್ಲ, ತಲೆ ಓಡುವ ಬಗೆಯನ್ನು ಅವರು ನೋಡುತ್ತಾರೆ. ಇದರಲ್ಲಿ ತನ್ಮಯಿ ಚುರುಕು. "ಹಿಂಗೇ ಹೇಳಿದ್ರೆ ಕೆಲಸ ನಿಂದೇ ಗುರು," ಎಂದಿದ್ದ ಆತ್ರೇಯ.

ಇದನ್ನು ದೊಡ್ಡಪ್ಪನಿಗೆ ವಿವರಿಸಲು ಹೋದದ್ದು ಮಾತ್ರ ದಂಡ. "ತಪ್ಪು ಹೇಳಿದ್ರೂ ಮಾರ್ಕ್ಸ್ ಕೊಡ್ತಾರಾ? ಅದೆಂಥ ದರಿದ್ರ ಕಂಪನಿ!" ಜೀವಮಾನವಿಡೀ ತಪ್ಪಿನ ಮೇಲೆ ಕೆಂಪು ಗೀಟು ಎಳೆದ ಕೈ ಅದು.

ಇಂಟರ್‌ವ್ಯೂ ದಿನ ಬಂತು. ಅಭ್ಯರ್ಥಿಯ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಇದ್ದರೆ ಇಂಟರ್‌ವ್ಯೂ ರದ್ದು ಎಂದು ಕಂಪನಿಯವರು ಮೊದಲೇ ತಿಳಿಸಿದ್ದರು. ವೈಫೈ ಸರಿಯಾಗಿ ಸಿಗುತ್ತಿದ್ದದ್ದು ದೊಡ್ಡಪ್ಪನ ಕೋಣೆಯಲ್ಲಿ ಮಾತ್ರ. ಅವಳು ಲ್ಯಾಪ್‌ಟಾಪ್ ಇಟ್ಟು ಸಿದ್ಧಳಾದರೆ ಅವರು ಪೇಪರ್ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

"ದೊಡ್ಡಪ್ಪ, ದಯವಿಟ್ಟು ಸ್ವಲ್ಪ ಹೊತ್ತು ಆಚೆ ಇರಿ. ಬೇರೆ ಯಾರೂ ಇರಬಾರದು."

"ಬೇರೆಯವರು ಅಂದ್ರೆ ಹೊರಗಿನೋರು ಕಣೇ. ನಾನು ಹೊರಗಿನೋನಾ? ನನ್ನ ಮನೇಲಿ, ನನ್ನ ಕೋಣೇಲಿ?"

ತನ್ಮಯಿ ಅಮ್ಮನ ಕಡೆ ನೋಡಿದಳು. ಶೈಲಜಮ್ಮ ಬಾಗಿಲಲ್ಲೇ ನಿಂತು ಕೈ ಮುಗಿದಳು. ಮುಗಿದದ್ದು ಭಾವನವರಿಗಲ್ಲ, ಮಗಳಿಗೆ. "ಅವರ ಪಾಡಿಗೆ ಅವರು ಕೂತಿರ್ತಾರೆ ಬಿಡೇ. ಉಸಿರೆತ್ತಲ್ಲ. ಈ ಹೊತ್ತಲ್ಲಿ ಜಗಳ ಬೇಡ." ಹೊತ್ತಾಗಿಹೋಗಿತ್ತು. ತನ್ಮಯಿ ಬಟನ್ ಒತ್ತಿದಳು.

ಕೋಟು ತೊಟ್ಟ ಹೆಂಗಸೊಬ್ಬರು ತೆರೆಯ ಮೇಲೆ ಬಂದು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದರು. ಓದು, ಪ್ರಾಜೆಕ್ಟು ಎಲ್ಲ ಸಲೀಸಾಗಿ ಮುಗಿಯಿತು. ಆಕೆ ಒಮ್ಮೆ ಮುಗುಳ್ನಕ್ಕರು ಕೂಡ. ಆಮೇಲೆ ಕೇಳಿದರು: "ನಿಮ್ಮ ಬಡಾವಣೆಯಲ್ಲಿ ಬೆಳಗ್ಗೆ ಎಷ್ಟು ಜನ ಹೋಟೆಲಿನಲ್ಲಿ ಕಾಫಿ ಕುಡಿಯಬಹುದು?"

ತನ್ಮಯಿಯ ಎದೆ ಹಗುರಾಯಿತು. ತಾರಸಿಯ ಮೇಲೆ ಮಾಡಿದ್ದೆಲ್ಲ ಇದೇ ತಾನೆ! ಮನೆಗಳು, ವಾಕಿಂಗಿಗೆ ಬರುವವರು, ಆಫೀಸಿಗೆ ಹೋಗುವವರು ಎಂದು ವಿಂಗಡಿಸುತ್ತ ಹೋದಳು. ಆಕೆ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. "ಅರ್ಧದಷ್ಟು ಮನೆಗಳಿಂದ ಒಬ್ಬರಾದರೂ ಹೋಟೆಲಿಗೆ ಹೋಗುತ್ತಾರೆ ಎಂದಿಟ್ಟುಕೊಂಡರೆ..." ಎಂದಳು.

"ತಪ್ಪು!"

ಪೇಪರ್ ಕೆಳಗೆ ಬಿತ್ತು. "ಅರ್ಧವಂತೆ ಅರ್ಧ! ನಮ್ಮ ಬೀದೀಲಿ ಯಾರು ಹೋಗ್ತಾರೆ ಹೇಳು ನೋಡೋಣ? ಹೇಳು!"

ಆಕೆಯ ಪೆನ್ನು ನಿಂತಿತು. "ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ?"

ಇದ್ದಾರೆ ಎಂದರೆ ರದ್ದು. ತನ್ಮಯಿಯ ಕಣ್ಣ ಮುಂದೆ ಎರಡು ರೂಮಿನ ಮನೆ ಬಂತು. "ಇಲ್ಲ ಮೇಡಂ," ಎಂದಳು. "ಟಿವಿ ಸೌಂಡ್."

ಅಯ್ಯೋ, ಆ ಒಂದು ಸುಳ್ಳಿಗಾದರೂ ಮುದುಕ ಬಾಯಿ ಮುಚ್ಚಿಕೊಂಡಿದ್ದರೆ! ಸತ್ಯದ ವಿಷಯದಲ್ಲಿ ಬದರೀನಾರಾಯಣ ರಾಯರು ಎಂದೂ ರಾಜಿಯಾದವರಲ್ಲ. ಪಂಚೆ ಎತ್ತಿಕಟ್ಟಿ ಬಂದು, ಹುಡುಗಿಯ ಹೆಗಲ ಮೇಲಿಂದ ಬಗ್ಗಿ, ಕ್ಯಾಮೆರಾಕ್ಕೆ ಮುಖ ಕೊಟ್ಟರು.

"ಮೇಡಂ, ಶೀ ಈಸ್ ಟೆಲ್ಲಿಂಗ್ ಲೈಸ್. ಐ ಆಮ್ ಹರ್ ಅಂಕಲ್, ರಿಟೈರ್ಡ್ ಹೆಡ್‌ಮಾಸ್ಟರ್. ಫಾದರ್‌ಲೆಸ್ ಗರ್ಲ್, ನೋ ಡಿಸಿಪ್ಲಿನ್. ಕೈಂಡ್ಲಿ ಅಡ್ಜಸ್ಟ್."

ತೆರೆ ಕಪ್ಪಾಯಿತು.

ಮಧ್ಯಾಹ್ನದೊಳಗೆ ಮೇಲ್ ಬಂತು. ನಿಯಮ ಮುರಿದದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ಈ ಕಂಪನಿಗೆ ಇನ್ನು ಅರ್ಜಿ ಹಾಕುವಂತಿಲ್ಲ. ತನ್ಮಯಿ ದೊಡ್ಡಬೈರಪ್ಪನವರಿಗೆ ಫೋನ್ ಮಾಡಿ, ಮನೆ ಬೇಡ, ಬೇರೆಯವರಿಗೆ ಕೊಟ್ಟುಬಿಡಿ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಹುರುಳಿಕಾಯಿ ಸೋಸಲು ಕೂತಳು. ಶೈಲಜಮ್ಮ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು.

ಸಂಜೆ ದೊರೆಸ್ವಾಮಿಯವರು ಬಂದರು. ಬೀದಿಯ ಇನ್ನಿಬ್ಬರೂ ಬಂದರು. ನಡೆದದ್ದನ್ನು ದೊಡ್ಡಪ್ಪ ಎದ್ದು ನಿಂತು, ಕೈಕಾಲು ಆಡಿಸಿ ಹೇಳಿದರು. ಕಂಪನಿಯ ಆಫೀಸರ್ ಜೊತೆ ತಾವು ಮುಖಾಮುಖಿ ಇಂಗ್ಲಿಷಿನಲ್ಲಿ ಮಾತಾಡಿದ್ದೇ ಕಥೆಯ ಮುಖ್ಯ ಭಾಗ. ತನ್ಮಯಿ ತಟ್ಟೆಯಲ್ಲಿ ಕಾಫಿ ಲೋಟಗಳನ್ನು ಹಿಡಿದು ಬಂದಾಗ ಅವರು ಕಡೆಯ ಮಾತಿಗೆ ಬಂದಿದ್ದರು.

"ನೋಡಿ ಸ್ವಾಮಿ, ಕರೆಂಟ್ ಬಿಲ್ ಇಲ್ಲ, ಕೇಬಲ್ ಇಲ್ಲ. ನಮ್ಮ ತನ್ಮಯಿ ನನ್ನನ್ನೇ ಟಿವಿ ಮಾಡ್ಬಿಟ್ಳು!"

ನಡುಮನೆ ಗೊಳ್ಳೆಂದಿತು. ದೊರೆಸ್ವಾಮಿಯವರು ಕಣ್ಣೊರೆಸಿಕೊಂಡರು. ಎಲ್ಲರೂ ನಗುತ್ತಿರುವಾಗ ತಾನೊಬ್ಬಳು ನಗದಿದ್ದರೆ ಭಾವನವರು ಏನೆಂದುಕೊಳ್ಳುತ್ತಾರೋ ಎಂದು ಬಾಗಿಲ ಬಳಿ ನಿಂತಿದ್ದ ಶೈಲಜಮ್ಮನೂ ನಕ್ಕಳು. ನಗುತ್ತಲೇ ಮಗಳಿಗೆ ಕಣ್ಸನ್ನೆ ಮಾಡಿದಳು: ನಗೇ.

ತನ್ಮಯಿ ದೊಡ್ಡಪ್ಪನ ಕೈಗೆ ಲೋಟ ಕೊಟ್ಟು ನಕ್ಕಳು.