ಸೊಪ್ಪಿಲ್ಲದ ಬಿಯರು

"ಹೂವನ್ನ ಚೀಲದಲ್ಲಿ ಕಟ್ಟಿ ಉಸಿರುಗಟ್ಟಿಸ್ತಿದೀಯ ಕಣೇ," ಎಂದ ಕ್ಲೈಡ್, ಗ್ಯಾರೇಜಿನ ಬಾಗಿಲಲ್ಲಿ ಊರುಗೋಲಿಗೆ ಭಾರ ಕೊಟ್ಟು ನಿಂತು.

ಅವನ ಹೆಂಡತಿ ಮರ್ನಾ ತಿರುಗಿ ನೋಡಲಿಲ್ಲ. ಕುದಿಸಿ ಆರಿಸಿದ್ದ ಜಾಲರಿ ಬಟ್ಟೆಯ ಚೀಲಕ್ಕೆ, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಒಣಗಿದ ಹಾಪ್ ಹೂಗಳನ್ನು ತುಂಬುತ್ತಿದ್ದಳು. ಅರ್ಧ ತುಂಬಿ ನಿಲ್ಲಿಸಿದಳು; ನೆನೆದ ಮೇಲೆ ಹಿಗ್ಗಲು ಜಾಗ ಬೇಕು. ಚೀಲ ಮೇಲೆ ತೇಲದಿರಲೆಂದು ತಳಕ್ಕೆ ಮೊದಲೇ ಗಾಜಿನ ಗೋಲಿಗಳನ್ನು ಹಾಕಿದ್ದಳು.

ಯಾಕಿಮಾ ಕಣಿವೆಯಲ್ಲಿ ಹಾಪ್ ಕೊಯ್ಲು ಮುಗಿದ ಮೇಲಿನ ಮೊದಲ ಭಾನುವಾರ ತೋಟದ ಹಳೆಯ ಜೊತೆಗಾರರನ್ನು ಕರೆದು, ತಾನೇ ಮಾಡಿದ ಬಿಯರು ಕುಡಿಸುವುದು ಕ್ಲೈಡನ ರೂಢಿ. ವಸಂತದಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, "ಈ ವರ್ಷ ಯಾರೂ ಬರೋದು ಬೇಡ" ಅಂದುಬಿಟ್ಟಿದ್ದ. ಮರ್ನಾ ಅವನನ್ನು ಕೇಳದೆಯೇ ಎಲ್ಲರಿಗೂ ಫೋನು ಮಾಡಿದ್ದಳು.

ಕ್ಲೈಡ್ ಯಾವಾಗಲೂ ಹೂಗಳನ್ನು ಬಿಡಿಬಿಡಿಯಾಗಿ ಹಿಡಿಗಟ್ಟಲೆ ಬಿಯರಿಗೇ ಸುರಿಯುತ್ತಿದ್ದ. ಅವು ಆರಾಮಾಗಿ ಈಜಾಡಿ ಪೀಪಾಯಿಯ ಕೊಳವೆ ಸೇರುತ್ತಿದ್ದವು. ಮಗಳು ಟೆಸ್‌ಳ ಮದುವೆಯಲ್ಲಿ ಎಲ್ಲರೂ ಲೋಟ ಹಿಡಿದು ನಿಂತಿದ್ದಾಗ ನಲ್ಲಿ ಕೆಮ್ಮಿ ನಿಂತುಹೋಗಿತ್ತು. ಮದುವೆಯ ಫೋಟೊಗಳಲ್ಲಿ ಬೀಗಿತ್ತಿಯ ಮುಂದಿನ ಹಲ್ಲಿಗೆ ಇಂದಿಗೂ ಹಸಿರು ಎಸಳು ಅಂಟಿಕೊಂಡಿದೆ. ಆಮೇಲೆ ತಂತಿ ತೂರಿಸಿ ಕೊಳವೆ ತೊಳೆಯುವ ಕೆಲಸ ಪ್ರತಿಸಲವೂ ಮರ್ನಾಳದೇ.

"ಚೀಲದಲ್ಲಿದ್ರೆ ಪರಿಮಳ ಬಿಡಲ್ಲ."

"ಅದಕ್ಕೇ ಒಂದು ಹಿಡಿ ಜಾಸ್ತಿ ಹಾಕಿದೀನಿ."

"ಯಾರು ಹೇಳಿಕೊಟ್ರು ನಿಂಗೆ?"

"ನೀನೇ ಮಾರಾಯ. ಇಷ್ಟು ವರ್ಷ ನಿನ್ನ ಕೊಳವೆ ತೊಳೆದಿಲ್ವಾ?"

ಚೀಲದ ಬಾಯಿಗೆ ಹಲ್ಲಿನ ಸಂದಿ ಉಜ್ಜುವ ದಾರ ಕಟ್ಟಿ, ಹುದುಗು ಇಳಿದಿದ್ದ ಡಬ್ಬದ ಬಿಯರಿನೊಳಗೆ ಇಳಿಬಿಟ್ಟು, ದಾರದ ತುದಿಯನ್ನು ಮುಚ್ಚಳದಾಚೆಗೆ ಎಳೆದುಕೊಂಡಳು. ಕ್ಲೈಡ್ ಊರುಗೋಲು ಕುಟ್ಟುತ್ತಾ ಮನೆಯೊಳಗೆ ಹೋದ.

ಕೆಲವು ದಿನ ಬಿಟ್ಟು ಚೀಲ ಎತ್ತಿದಳು. ಜಾಲರಿಯಿಂದ ನುಸುಳಿದ ಪುಡಿ ಅಡಿಗಿಳಿಯಲೆಂದು ಡಬ್ಬವನ್ನು ಫ್ರಿಜ್ಜಿನಲ್ಲಿಟ್ಟಳು. ಪೀಪಾಯಿಗೆ ಬಗ್ಗಿಸುವಾಗ ಕೊಳವೆಯನ್ನು ತಳಕ್ಕೆ ತಾಗಿಸದೆ ಮೇಲೆಯೇ ಹಿಡಿದು, ಡಬ್ಬದಡಿಯಲ್ಲಿ ಉಳಿದದ್ದನ್ನು ಹಾಗೆಯೇ ಬಿಟ್ಟಳು.

"ಅಷ್ಟೊಂದು ಬಿಯರು ಚೆಲ್ತಾರೇನೇ!"

"ಅದು ಬಿಯರಲ್ಲ ಕಣೋ, ಕೆಸರು."

ಭಾನುವಾರ ಅಕ್ರೋಟ ಮರದಡಿ ಮೇಜು ಹಾಕಿದರು. ಎಲ್ಲರಿಗಿಂತ ಮೊದಲು ಬಂದವನು ಓಟಿಸ್. ಕ್ಲೈಡನ ಜೊತೆ ಹಾಪ್ ಲಾರಿ ಓಡಿಸಿದವನು. ಗೆಳೆಯನ ಜೋತುಬಿದ್ದ ಕೈ ಕಡೆಗೆ ಒಮ್ಮೆ ನೋಡಿ, ಬೇಗ ಕಣ್ಣು ತೆಗೆದ. ಮರ್ನಾ ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದ. ಜೇನಿನ ಬಣ್ಣ, ಆಚೆಬದಿಯ ಅವನ ಬೆರಳುಗಳು ಕಾಣುತ್ತಿದ್ದವು. ಕಿತ್ತಳೆ ಸಿಪ್ಪೆಯ ಘಮ ಮೂಗಿಗೆ ಹೊಡೆಯಿತು.

"ಏನೋ ಕ್ಲೈಡ್, ಈ ಸಲ ಸೊಪ್ಪಿನ ಸಾರಿಲ್ವಾ? ನನ್ನ ಮೀಸೆಗೆ ಸೋಸೋ ಕೆಲಸಾನೇ ಇಲ್ವಲ್ಲೋ!"

ಅಷ್ಟರಲ್ಲಿ ಬಂದು ಸೇರಿದ್ದವರೆಲ್ಲ ನಕ್ಕರು. ಕ್ಲೈಡ್ ನಗಲಿಲ್ಲ. ಬಿಯರು ಚೆನ್ನಾಗಿದೆಯೆಂದು ಮರ್ನಾಳಿಗೆ ಗೊತ್ತಿತ್ತು. ಅವನೇನು ಹೇಳುತ್ತಾನೆಂಬುದು ಗೊತ್ತಿರಲಿಲ್ಲ.

"ನನ್ನನ್ನೇನು ಕೇಳ್ತೀಯೋ? ಮಾಡಿದ್ದು ಅವಳು," ಎಂದ ಕ್ಲೈಡ್. ತುಸು ತಡೆದು, "ನಂಗೂ ಒಂದು ಲೋಟ ಕೊಡೇ" ಅಂದ.

ಕುಡಿದ. ಇನ್ನೊಂದು ಗುಟುಕು ಕುಡಿದ. ಆಮೇಲೆ ಲೋಟ ಖಾಲಿ ಮಾಡಿ, ಊರುಗೋಲನ್ನು ಮೇಜಿಗೆ ಒರಗಿಸಿ ಎದ್ದು, ಪೀಪಾಯಿಯ ಬಳಿ ಹೋದ. ಓಟಿಸ್ ಸಹಾಯಕ್ಕೆ ಹೋಗಲು ಹೊರಟಾಗ ಮರ್ನಾ ಅವನ ತೋಳು ಹಿಡಿದು ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು.

ಕ್ಲೈಡ್ ಲೋಟವನ್ನು ನಲ್ಲಿಯ ಕೆಳಗೆ ಹಲಗೆಯ ಮೇಲಿಟ್ಟು ಎಡಗೈಯಿಂದ ಹಿಡಿಕೆ ಎಳೆದ. ನೊರೆ ಉಕ್ಕಿತು; ಲೋಟ ಎತ್ತುವಾಗ ಅವನ ಮಣಿಕಟ್ಟಿನವರೆಗೂ ಚೆಲ್ಲಿತು. ಅತ್ತಿತ್ತ ನೋಡಿ, ಯಾರೂ ಗಮನಿಸಿಲ್ಲವೆಂದುಕೊಂಡು, ಅದನ್ನು ನೆಕ್ಕಿದ.